ದೇವರ ಖೋಲಿಯ ಮೇಲಿನ ಮಣ್ಣು

ಪಡಸಾಲೆಯ ಗಡಿಯಾರ ನಿಂತದ್ದು ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಕೆಡುಕು ಶುರುವಾದ ಹೊತ್ತು ಅದೇ ಎಂದು ಇವತ್ತು ಖಚಿತವಾಗಿ ಹೇಳಬಲ್ಲೆ. ಅವತ್ತು ನಮ್ಮ ಪಾಲಿಗೆ ಅದು ಬರೀ ನಿಂತ ಗಡಿಯಾರ. ಹೊರಗೆ ಆಶ್ಲೇಷಾ ಮಳೆ ವಾರದಿಂದ ಬಿಡುವು ಕೊಟ್ಟಿರಲಿಲ್ಲ. ಅಪ್ಪ ಊಟ ಮುಗಿಸಿ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ಟಿಕ್‌ಟಿಕ್ ನಿಂತ ಕೂಡಲೇ ತಲೆ ಎತ್ತಿದರು.

"ಕೀಲಿ ಕೊಡೋದು ಮರತ್ರೇನು?"

"ನಿನ್ನೇನೇ ಕೊಟ್ಟೀನ್ರಿ ಮಾಮಾ. ಗಡಿಯಾರಕ್ಕೂ ಥಂಡಿ ಹತ್ತಿರಬೇಕು," ಎಂದು ಅಡುಗೆಮನೆಯಿಂದ ಶಾಂತಾ ವೈನಿ ಉತ್ತರ ಕೊಟ್ಟಳು. ವೈನಿ ನನ್ನ ಅಣ್ಣನ ಹೆಂಡತಿ. ಅಣ್ಣನಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ, ಮನೆಗೆ ಬರುವುದು ರಜೆ ಸಿಕ್ಕಾಗ ಮಾತ್ರ.

ಅಪ್ಪ ಸ್ಟೂಲಿನ ಮೇಲೆ ನಿಂತು ಲೋಲಕವನ್ನು ಬೆರಳಿನಿಂದ ತೂಗಿದರು. ಅದು ಒಂದಿಷ್ಟು ಆಡಿತು, ಕುಂಟುವ ಕಾಲಿನ ಸದ್ದು ಮಾಡಿತು, ಹಿಂದಿನ ಹಲಗೆಗೆ ತಾಗಿ ನಿಂತಿತು. ಗಡಿಯಾರ ಕೆಟ್ಟಿರಲಿಲ್ಲ. ಅದನ್ನು ತೂಗುಹಾಕಿದ್ದ ಗೋಡೆ ಹಿಂದಕ್ಕೆ ವಾಲಿತ್ತು.

ಎರಡನೆಯ ಗುರುತು ಕಂಡದ್ದು ಆಯಿಗೆ. ಆಯಿ ಅಂದರೆ ಅಪ್ಪನ ತಾಯಿ. ಅವ್ವ ಚಿಕ್ಕಂದಿನಲ್ಲೇ ತೀರಿಹೋಗಿದ್ದರಿಂದ ನನ್ನನ್ನು ಬೆಳೆಸಿದವಳೂ ಅವಳೇ. ಅವಳು ದೀಪದ ಬತ್ತಿ ಸರಿಮಾಡಲು ದೇವರ ಖೋಲಿಗೆ ಹೋಗಿ ಅಲ್ಲಿಂದಲೇ ಕೂಗಿದಳು. "ಸರೂ, ಇಲ್ಲಿ ಬಾ. ದೇವರ ತಲಿ ಮ್ಯಾಲ ಮಣ್ಣು ಬಿದ್ದದ. ಒರಸಿದೆ, ಮತ್ತ ಬೀಳಾಕತ್ಯಾದ."

ನಾನು ಹೋಗಿ ಮೇಲೆ ನೋಡಿದೆ. ಗೋಡೆಯಿಂದ ಗೋಡೆಗೆ ಅಡ್ಡ ಹಾದಿದ್ದ ಸಾಗವಾನಿ ತೊಲೆ ನಡುವೆ ಬಾಯಿ ಬಿಟ್ಟಿತ್ತು. ದೀಪದ ಹೊಗೆಗೆ ಕಪ್ಪಾದ ತೊಲೆ ಅದು. ಸೀಳಿನ ಒಳಗೆ ಮಾತ್ರ ಅರಿಶಿಣದ ಕೊಂಬು ಮುರಿದಷ್ಟು ಹಳದಿ. ಆ ಹಳದಿ ಬಣ್ಣ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಇವತ್ತಿಗೂ ಯಾರ ಮನೆಗೆ ಹೋದರೂ, ಅದು ಹೊಸ ಸ್ಲ್ಯಾಬಿನ ಮನೆಯೇ ಆಗಿರಲಿ, ಕುಳಿತುಕೊಳ್ಳುವ ಮೊದಲು ತಲೆ ಎತ್ತಿ ಸೂರು ನೋಡುತ್ತೇನೆ. ಮಂದಿ ನಾನು ಮನೆ ಮೆಚ್ಚಿಕೊಳ್ಳುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಹೋದ ಬೇಸಿಗೆಯಲ್ಲಿ ಸೇಡಂಗೆ ಹೋಗಿದ್ದೆ. ಓಣಿಯ ತಿರುವಿನಲ್ಲೇ ಹಸಿ ಸವಳು ಮಣ್ಣಿನ ವಾಸನೆ ಬಂತು. ಊರ ಹೊರಗಿನ ಬರಡು ಜಾಗದಿಂದ ತರುವ ಬಿಳಿಚು ಮಣ್ಣು ಅದು. ಮಾಳಿಗೆಯ, ಅಂದರೆ ಮನೆಯ ಸಪಾಟು ಸೂರಿನ ಮೇಲೆ ಹರಡಿದರೆ ನೀರನ್ನು ಒಳಗೆ ಬಿಡದೆ ಹೊರಗೆ ಜಾರಿಸುತ್ತದೆ. ಅದರ ವಾಸನೆಯಲ್ಲಿ ಉಪ್ಪಿದೆ, ಬೂದಿಯಿದೆ, ಇನ್ನೊಂದು ಹೆಸರಿಲ್ಲದ ವಾಸನೆಯೂ ಇದೆ. ಅದು ಮೂಗಿಗೆ ತಾಗಿದ್ದೇ ತಡ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷದ ಆ ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು. ಗುಲ್ಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿ, ಶಾಲೆಯ ನೌಕರಿಗಾಗಿ ಕಾಯುತ್ತ ನಾನು ಮನೆಯಲ್ಲಿದ್ದ ವರ್ಷ ಅದು.

ಮನೆಯ ಬಗ್ಗೆ ಹೇಳದೆ ಮುಂದಿನದು ತಿಳಿಯಲಾರದು. ಅದನ್ನು ಕಟ್ಟಿಸಿದವರು ಅಪ್ಪನ ಅಜ್ಜ. ಮನೆಯಲ್ಲಿ ಅವರನ್ನು ದೊಡ್ಡ ಮುತ್ಯಾ ಎನ್ನುತ್ತಿದ್ದೆವು. ಸೇಡಂ ಸುತ್ತ ಕಲ್ಲಿಗೆ ಬರವಿಲ್ಲ, ನೆಲ ಕೆದರಿದರೆ ಕಲ್ಲೇ. ಆದರೂ ದೊಡ್ಡ ಮುತ್ಯಾ ಶಹಾಬಾದ್ ಕಡೆಯ ಭಂಕೂರದಿಂದ ಬಂಡಿಗಳಲ್ಲಿ ನೀಲಿ ಫರಸಿ ತರಿಸಿದರು. ಊರವರು "ಸೇಡಂಗೆ ಕಲ್ಲು ಹೊತ್ತು ತಂದವ" ಎಂದು ನಕ್ಕರಂತೆ. ನಕ್ಕವರ ಮೊಮ್ಮಕ್ಕಳು ಬೇಸಿಗೆಯ ಮಧ್ಯಾಹ್ನ ನಮ್ಮ ಪಡಸಾಲೆಯ ಆ ಫರಸಿಯ ಮೇಲೆ ಬರೀ ಮೈಯಲ್ಲಿ ಮಲಗಿ ಹೋಗುತ್ತಿದ್ದರು. ತೊಲೆ, ಕಂಬಗಳಿಗೆ ಚಿಂಚೋಳಿ ಅಡವಿಯ ಸಾಗವಾನಿ. ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಹಾಸುಗಲ್ಲಿನ ಮೇಲೆ ಕಾಲು ಮಡಚಿ ಕುಳಿತು ನಾನು ಓದಿಕೊಳ್ಳುತ್ತಿದ್ದೆ. ಎರಡು ಮೈಗೆ ತೆಳು ಫರಸಿಯ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಬಾಗಿಲ ಚೌಕಟ್ಟಿನ ಮೇಲೆ ಕೊರೆದ ಗಿಳಿಗಳು. ಪಡಸಾಲೆಯ ನಡುವೆ ಬೆಳಕಿಂಡಿ. ಅದರಿಂದ ಬೀಳುವ ಬಿಸಿಲಿನ ಚೌಕ ನೆಲದ ಯಾವ ಕಲ್ಲಿನ ಮೇಲಿದೆ ಎಂದು ನೋಡಿ ಆಯಿ ಹೊತ್ತು ಹೇಳುತ್ತಿದ್ದಳು. ಗಡಿಯಾರ ಅವಳಿಗೆ ಬೇಕಿರಲಿಲ್ಲ.

ಮಾಳಿಗೆಯ ಕೆಲಸಕ್ಕೂ ಒಂದು ಕ್ರಮವಿತ್ತು. ಪ್ರತಿ ವರ್ಷ ರೋಹಿಣಿ ಮಳೆಯ ಮೊದಲು ಹಳೆಯ ಸವಳನ್ನು ಹೆರೆದು ತೆಗೆಯುವುದು, ಹೊಸದನ್ನು ಹರಡಿ ಬಡಿಯುವುದು. ಹೆರೆಯದೆ ಹಾಕುತ್ತ ಹೋದರೆ ಭಾರ ಏರುತ್ತದೆಂದು ನಮ್ಮ ಕಡೆಯ ಯಾವ ಮನೆಗೂ ಹೇಳಿಕೊಡಬೇಕಿಲ್ಲ. ಆದರೆ ನಮ್ಮ ಮಾಳಿಗೆಯಲ್ಲಿ ಒಂದು ತುಣುಕಿಗೆ ಮಾತ್ರ ಈ ಕ್ರಮ ಅನ್ವಯಿಸುತ್ತಿರಲಿಲ್ಲ. ದೇವರ ಖೋಲಿಯ ಮೇಲೆ ಯಾರೂ ಕಾಲಿಡುವಂತಿಲ್ಲ. ದೇವರ ತಲೆ ತುಳಿದಂತಾಗುತ್ತದೆ. ಆ ಭಾಗದ ಸುತ್ತ ಗಡಿಗಲ್ಲು ಹೂಳಿದ್ದರು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗಿದರೂ ಆ ಕಡೆ ಕಾಲು ಚಾಚುತ್ತಿರಲಿಲ್ಲ. ಕಾಲಿಡದೆ ಹೆರೆಯುವುದು ಹೇಗೆ? ಹೆರೆಯುತ್ತಿರಲಿಲ್ಲ. ಹಾಗೆಂದು ಹೊಸ ಮಣ್ಣಿಲ್ಲದೆ ದೇವರನ್ನು ಸೋರಲು ಬಿಡಲಾದೀತೆ? ಅದಕ್ಕೆ ಅಪ್ಪ ಗಡಿಗಲ್ಲಿನ ಆಚೆ ನಿಂತು ಬುಟ್ಟಿಗಟ್ಟಲೆ ಮಣ್ಣನ್ನು ಬೀಸಿ ಎಸೆಯುತ್ತಿದ್ದರು. ಅವರಿಗಿಂತ ಮೊದಲು ಅವರ ಅಪ್ಪ, ನಮ್ಮ ಮುತ್ಯಾ, ಹಾಗೆಯೇ ಎಸೆದಿದ್ದರು. ಉಳಿದ ಮಾಳಿಗೆ ಅಂಗೈಯಂತೆ ಸಪಾಟು, ಅಲ್ಲಿ ಮಾತ್ರ ಒಂಟೆಯ ಡುಬ್ಬ. ನಾವು ಅದನ್ನು ದೇವರ ಗುಡ್ಡ ಎನ್ನುತ್ತಿದ್ದೆವು. ಹಪ್ಪಳ ಒಣಹಾಕಲು ಬಂದ ಓಣಿಯ ಹೆಂಗಸರು ಅದಕ್ಕೆ ಕೈ ಮುಗಿಯುತ್ತಿದ್ದರು. ಬೀಗರಿಗೆ ಅಪ್ಪ ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು.

ವಾರದ ಮಳೆ ಆ ಗುಡ್ಡವನ್ನು ನೆನೆಸಿತ್ತು. ಒಣಗಿದ್ದಾಗ ಹೊತ್ತ ತೊಲೆ ಒದ್ದೆಯಾದ ಮೇಲೆ ಹೊರಲಾರದೆ ಬಾಯಿ ಬಿಟ್ಟಿತ್ತು. ಬಾಗುತ್ತ, ತನ್ನ ಒಂದು ತುದಿ ಹೊತ್ತಿದ್ದ ಗಡಿಯಾರದ ಗೋಡೆಯನ್ನೂ ತನ್ನ ಕಡೆ ಎಳೆದಿತ್ತು. ತೊಲೆಯ ಇನ್ನೊಂದು ತುದಿ ಕೂತಿದ್ದದ್ದು ನಮಗೂ ಪಕ್ಕದ ಬೂಬಮ್ಮನಿಗೂ ಸೇರಿದ ನಡುಗೋಡೆಯ ಮೇಲೆ. ತೊಲೆ ಬಿದ್ದರೆ ಗಡಿಯಾರದ ಗೋಡೆ ಬೀಳುತ್ತದೆ. ಗೋಡೆ ಬಿದ್ದರೆ ಪಡಸಾಲೆಯ ಮಾಳಿಗೆ ನಿಲ್ಲುವುದಿಲ್ಲ. ಪಡಸಾಲೆ ಹೋದ ಮೇಲೆ ಮನೆ ಎನ್ನಲು ಏನೂ ಉಳಿಯುವುದಿಲ್ಲ.

ಅಪ್ಪ ಕೂಗಿದ್ದಕ್ಕೆ ಮೊದಲು ಓಡಿ ಬಂದವನು ಎದುರುಮನೆಯ ಬಸಣ್ಣ. ತೊಗರಿಬೇಳೆ ಮಿಲ್ಲಿನಲ್ಲಿ ಹಮಾಲ, ಎರಡು ಚೀಲ ಒಟ್ಟಿಗೆ ಹೊರುವ ಆಳು. ಅವನೂ ಅಪ್ಪನೂ ಹಿತ್ತಲಲ್ಲಿ ಬಿದ್ದಿದ್ದ ಬೇವಿನ ದಿಮ್ಮಿ ಎಳೆದು ತಂದು ತೊಲೆಗೆ ಟೇಕಾ ಕೊಟ್ಟರು. ದಿಮ್ಮಿಯನ್ನು ಕೊಡಲಿಯ ಹಿಂಬದಿಯಿಂದ ಬಡಿದು ನಿಲ್ಲಿಸಿದರು. ನಾವು ಉಸಿರು ಬಿಡುವಷ್ಟರಲ್ಲಿ ದಿಮ್ಮಿಯ ಕೆಳಗಿನ ಫರಸಿ ಟಪ್ಪೆಂದು ಬಿರುಕುಬಿಟ್ಟಿತು. ಮೇಲಿನ ಭಾರ ಅಷ್ಟಿತ್ತು.

"ಇದು ಟೇಕಾಕ್ಕ ಕೇಳಂಗಿಲ್ರಿ. ಮ್ಯಾಲಿನ ಮಣ್ಣು ಇಳಸಬೇಕು," ಎಂದು ಬಸಣ್ಣ ಹಿತ್ತಲ ನಿಚ್ಚಣಿಕೆ ಹತ್ತಿದ. ಗಡಿಗಲ್ಲಿನ ಈಚೆ ನಿಂತು ಒಂದು ಕಾಲನ್ನು ಆಚೆ ಇಟ್ಟು ನೋಡಿದನಂತೆ. ಕೆಳಗೆ ನಮಗೆ ತೊಲೆ ನರಳಿದ್ದು ಕೇಳಿಸಿತು. ಅವನು ಹತ್ತಿದ್ದಕ್ಕಿಂತ ಬೇಗ ಇಳಿದು ಬಂದ. "ನಾ ಏರಿದ್ರ ನಾನೂ ಗುಡ್ಡಾ ಕೂಡೇ ಕೆಳಗ ಬರ್ತೀವಿ. ಹಗುರಿದ್ದವರು ಬೇಕ್ರಿ."

ವೈನಿ ಸೀರೆಯ ನೆರಿಗೆಯನ್ನು ಹಿಂದಕ್ಕೆ ಎಳೆದು ಕಚ್ಚೆ ಕಟ್ಟಿಕೊಂಡಳು. ಮಾವನೆದುರು ಸೆರಗು ಸರಿಯದಂತೆ ನಡೆಯುವ ಸೊಸೆ ಅವಳು. "ಹಂಗಾರ ನಾವೇ ಏರ್ತೀವಿ. ಸರೂ, ನೀ ಕಾಲೇಜಿನ್ಯಾಗ ಉಂಡದ್ದು ಎಲ್ಲಿ ಹೋತೋ ಏನೋ, ಗಾಳಿಗೆ ಹಾರೂಹಂಗ ಅದೀದಿ. ನೀನೂ ಬಾ," ಎಂದಳು.

"ಯಾರು ಏರೋದು?" ಆಯಿ ದೇವರ ಖೋಲಿಯ ಹೊಸ್ತಿಲಲ್ಲಿ ನಿಂತಿದ್ದಳು. "ಎಲ್ಲಿ ಏರೋದು?"

"ಅಬ್ಬೇ, ಮನೀನೇ ಹೊಂಟದ," ಎಂದರು ಅಪ್ಪ. "ಮೊದಲ ನೀ ಹೊರಗ ನಡಿ."

"ನಾ ಹೊರಗ ಹೋದ್ರ ಇವರನ್ನ ಯಾರು ನೋಡವ್ರು?" ಎಂದು ದೇವರ ಜಗಲಿಯತ್ತ ಕೈ ತೋರಿಸಿದಳು. "ಇಷ್ಟು ವರ್ಷ ಇವರ ತಲಿ ಮ್ಯಾಲ ಒಂದು ಕಾಗಿ ಕೂಡ್ರಗೊಟ್ಟಿಲ್ಲ. ಈಗ ಸೊಸಿ ಕೈಲೆ ತುಳಸ್ಲೇನು?"

ಅಪ್ಪ ಮತ್ತೆ ಏನೋ ಹೇಳಲು ಹೋದರು. ಬಸಣ್ಣ ನೆಲ ನೋಡುತ್ತಿದ್ದ. ತೊಲೆಯ ಸೀಳಿನಿಂದ ಮಣ್ಣು ಸುರಿಯುವ ಸಣ್ಣ ಸದ್ದು, ಜೋಳ ಕೇರುವಾಗಿನ ಸದ್ದಿನಂತೆ, ಕೇಳುತ್ತಲೇ ಇತ್ತು. ಆಯಿಗೂ ಕೇಳಿಸಿತು. ಅವಳು ತೊಲೆ ನೋಡಿದಳು, ವೈನಿಯ ಕಚ್ಚೆ ನೋಡಿದಳು, ನನ್ನನ್ನು ನೋಡಿದಳು. ಒಂಬತ್ತು ವರ್ಷದ ಹುಡುಗಿಯಾಗಿ ಈ ಮನೆಯ ಹೊಸ್ತಿಲು ದಾಟಿ ಬಂದವಳು, ಅವತ್ತಿಂದ ಒಂದು ದಿನವೂ ಇದರ ಕಸ ಬೇರೆಯವರಿಂದ ಗುಡಿಸಿಸಿದವಳಲ್ಲ.

ಒಳಗೆ ಹೋದಳು. ಜಗಲಿಯ ದೇವರುಗಳನ್ನು ಒಂದೊಂದಾಗಿ ಎತ್ತಿ, ಒರೆಸಿ, ಸೆರಗಿನ ಉಡಿಯಲ್ಲಿ ತುಂಬಿಕೊಂಡಳು. ಬಾಣಂತಿ ಕೂಸನ್ನು ಎತ್ತಿಕೊಳ್ಳುವಂತೆ ಎರಡೂ ಕೈಯಿಂದ ಉಡಿ ಹಿಡಿದು ಹೊರಗೆ ಬಂದಳು. ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಸಿಕೊಂಡಳು. ಮಳೆಯಲ್ಲೇ ನಡೆದು ಓಣಿಯ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು, ಮನೆಯ ಕಡೆ ಮುಖ ಮಾಡಿ ಹೇಳಿದಳು:

"ದೇವರು ನನ್ನ ಉಡ್ಯಾಗ ಅದಾರ. ಅಲ್ಲೀಗ ಬರೇ ಮಣ್ಣು. ಏರ್ರಿ."

ನಾವು ನಿಚ್ಚಣಿಕೆ ಹತ್ತುವಾಗ ನಡುಗೋಡೆಯ ಆಚೆಯಿಂದ ಬೂಬಮ್ಮ ತನ್ನ ಮಾಳಿಗೆಗೆ ಬಂದಳು. ಓಣಿಯ ಹೆಂಗಸರಿಗೆಲ್ಲ ಬಳೆ ತೊಡಿಸುವವಳು, ಗಂಡ ಸತ್ತ ಮೇಲೆ ಬಳೆಮಲಾರ ಹೊತ್ತು ಮೂರು ಊರು ತಿರುಗಿ ಮಕ್ಕಳನ್ನು ಸಾಕಿದವಳು, ಬಡಕಲು ಮೈ. ಗೋಡೆ ಅವಳದೂ ಹೌದು. ಆದರೂ ಗಡಿಗಲ್ಲಿನ ಹತ್ತಿರ ಬಂದು ನಿಂತುಬಿಟ್ಟಳು. ಕೆಳಗೆ ಕಟ್ಟೆಯತ್ತ ನೋಡಿ, "ಆಯೀ, ನಾ ಬರ್ಲ್ಯಾ?" ಎಂದು ಕೇಳಿದಳು.

"ಕೇಳ್ಕೋತ ನಿಂತ್ರ ಗ್ವಾಡಿ ನಿಂದರತಾದೇನು? ಬಾ," ಎಂದಳು ಆಯಿ.

ಬೂಬಮ್ಮ ಗಡಿ ದಾಟಿದಳು. ವೈನಿಯ ಕೈ ನೋಡಿ ಹೇಳಿದಳು, "ಬಳಿ ಭಾಳ ಹಾಕ್ಕೊಂಡೀರಿ. ಛಲೋ ಆತು. ಇವತ್ತು ಒಡದಷ್ಟೂ ನನ್ನ ಧಂದೆಕ್ಕ ಬರಕತ್."

ಮೊದಲು ಅಂಚಿನಿಂದ ಶುರು ಮಾಡಿದೆವು. ಗೋಡೆಯ ತಲೆಯ ಮೇಲೆ ಕುಳಿತು, ಕೈ ನೀಡುವಷ್ಟು ದೂರ ಸಲಿಕೆಯಿಂದ ಎಳೆದು, ಬುಟ್ಟಿಗೆ ತುಂಬಿ ಓಣಿಗೆ ಸುರಿಯುವುದು. ಗುಡ್ಡ ತಗ್ಗಿದ ಮೇಲೆ ಎರಡು ನಿಚ್ಚಣಿಕೆಗಳನ್ನು ಗೋಡೆಯಿಂದ ಗೋಡೆಗೆ ಅಡ್ಡ ಹಾಸಿ, ನಮ್ಮ ಭಾರ ತೊಲೆಯ ಮೇಲೆ ಬೀಳದಂತೆ ಅವುಗಳ ಮೇಲೆ ಕುಳಿತೆವು. ಓಣಿಯ ಇನ್ನೂ ಕೆಲವು ಹೆಂಗಸರು ಬಂದು ಉಳಿದ ಮಾಳಿಗೆಯ ಮೇಲೆ ಸಾಲಾಗಿ ನಿಂತು ಬುಟ್ಟಿ ಸಾಗಿಸಿದರು. ಕೆಳಗೆ ದೇವರ ಖೋಲಿಯಲ್ಲಿ ಬಸಣ್ಣನೂ ಅಪ್ಪನೂ ದಿಮ್ಮಿ ಜಾರದಂತೆ ತಬ್ಬಿ ಹಿಡಿದಿದ್ದರು. ಮೇಲಿನದು ಬಿದ್ದರೆ ಮೊದಲು ಬೀಳುವುದು ಅವರ ಮೇಲೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಳೆ ಹೊಡೆಯುತ್ತಲೇ ಇತ್ತು. ಒದ್ದೆ ಸವಳು ಸೋಪಿನಂತೆ ಜಾರುತ್ತದೆ, ಬುಟ್ಟಿಗೆ ಬಂದ ಮೇಲೆ ಸೀಸದಂತೆ ತೂಗುತ್ತದೆ. ಆದರೆ ಇವತ್ತು ನೆನೆದರೆ ನಗುವೂ ಬರುತ್ತದೆ. ಗುಡ್ಡವನ್ನು ಕಡಿದಂತೆ ಅದರ ಮಗ್ಗುಲಲ್ಲಿ ಪದರಗಳು ಕಾಣತೊಡಗಿದವು. ಶಹಾಬಾದಿನ ಕಲ್ಲುಗಣಿಯ ಗೋಡೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕಾಣುವಂತೆ ವರ್ಷದ ಮೇಲೆ ವರ್ಷ. ನಾವು ಸುರಿದ ಮಣ್ಣು ಕಟ್ಟೆಯ ಮುಂದೆಯೇ ಬೀಳುತ್ತಿತ್ತು. ಆಯಿ ಉಡಿ ಹಿಡಿದುಕೊಂಡೇ ಅದನ್ನು ನೋಡಿ ಗುರುತು ಹೇಳತೊಡಗಿದಳು.

"ಇದು ದಪ್ಪಂದು ನಿಮ್ಮಪ್ಪನ ಲಗ್ನದ ವರ್ಷದ್ದು. ಬೀಗರು ನೋಡ್ಲಿ ಅಂತ ದುಪ್ಪಟ್ ಹಾಕ್ಸಿದ್ವಿ."

"ಬೀಗರಿಗೆ ತೋರಸೋ ಸಲಿಂದ ತೊಲಿ ಮುರದ್ರೇನು ಆಯೀ?" ಎಂದು ವೈನಿ ಮೇಲಿಂದ ಕೂಗಿದಳು. ಅಷ್ಟು ಗಟ್ಟಿಯಾಗಿ ಆಯಿಯೊಡನೆ ಅವಳು ಮಾತಾಡಿದ್ದು ಅದೇ ಮೊದಲು.

ಇನ್ನಷ್ಟು ಕೆಳಗೆ ಕೆಂಪು ಮಣ್ಣು ಬಂತು. ರಜಾಕಾರರ ಗದ್ದಲದ ವರ್ಷ, ಊರ ಹೊರಗೆ ಸವಳಿಗೆ ಹೋಗಲು ಯಾರಿಗೂ ಧೈರ್ಯವಿರಲಿಲ್ಲವಂತೆ. ಮುತ್ಯಾ ಹಿತ್ತಲನ್ನೇ ಅಗೆದು ಎಸೆದಿದ್ದರು. ಅದರ ಕೆಳಗೆ ಬೂದಿಬಣ್ಣದ ಪದರ. ಊರಿಗೆ ಪ್ಲೇಗ್ ಬಂದು ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿ ಉಳಿದಿದ್ದಾಗ, ದೊಡ್ಡ ಮುತ್ಯಾ ಒಬ್ಬರೇ ಬಂದು ಒಲೆಯ ಬೂದಿ ಕಲೆಸಿ ಹಾಕಿ ಹೋಗಿದ್ದರಂತೆ. ಯಾರೂ ವಾಸವಿಲ್ಲದ ಮನೆಗೂ ಮಳೆಗಾಲದ ಮಣ್ಣು ತಪ್ಪಿಸಿರಲಿಲ್ಲ. ನಾನು ಗುಲ್ಬರ್ಗಾದಲ್ಲಿ ಇತಿಹಾಸ ಓದಿರಲಿಲ್ಲ. ನಮ್ಮ ಮನೆಯ ಇತಿಹಾಸವನ್ನು ಅವತ್ತು ಉಗುರಿನಿಂದ ಕೆರೆದು ಬುಟ್ಟಿಗೆ ತುಂಬಿದೆ. ಭಯದ ನಡುವೆಯೂ ಎದೆ ಒಂದಿಷ್ಟು ಉಬ್ಬಿತ್ತು. ಎಂಥ ಮಂದಿ ಇವರು, ಎಂಥ ಹಟ ಇವರದು ಎಂದು.

ನಡುವೆ ಒಂದು ಹೆಂಟೆ ಉಳಿದಿತ್ತು. ಸರಿಯಾಗಿ ಸೀಳಿದ ತೊಲೆಯ ಮೇಲೆ. ನಿಚ್ಚಣಿಕೆಯಿಂದ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ. ವೈನಿ ಒಂದು ಕಾಲು ನಿಚ್ಚಣಿಕೆಯ ಮೆಟ್ಟಿಲಲ್ಲಿ ಇಟ್ಟುಕೊಂಡು ಇನ್ನೊಂದನ್ನು ಮಣ್ಣಿನ ಮೇಲೆ ಊರಿ ಮುಂದಕ್ಕೆ ಬಾಗಿದಳು. ಬ್ಯಾಡ ಎಂದು ನಾನು ಹೇಳಿದೆನೋ, ಹೇಳಬೇಕೆಂದುಕೊಂಡೆನೋ, ಇವತ್ತಿಗೂ ತಿಳಿಯದು.

ಆ ಸದ್ದು ತೊಲೆ ಮುರಿಯುವ ಸದ್ದಿನಂತಿರಲಿಲ್ಲ. ಯಾರೋ ದೊಡ್ಡ ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಂತಿತ್ತು. ನನ್ನ ಕೆಳಗಿನ ನೆಲ ಗೇಣುದ್ದ ಕುಸಿಯಿತು. ವೈನಿಯ ಕಾಲಡಿಯ ಹಲಗೆ ಒಡೆದು ಅವಳು ತೊಡೆಯವರೆಗೆ ಒಳಗೆ ಇಳಿದಳು. ನಾನು ಅವಳ ಕೈ ಹಿಡಿದೆ. ನನ್ನ ಹಿಡಿತದೊಳಗೆ ಅವಳ ಬಳೆಗಳೆಲ್ಲ ಚೂರಾದವು. ಚೂರು ನನ್ನ ಅಂಗೈಗೆ ನೆಟ್ಟಿತು. ಬೂಬಮ್ಮ ನಿಚ್ಚಣಿಕೆಯ ಮೇಲೆ ಬೋರಲು ಬಿದ್ದು ನನ್ನ ಸೊಂಟದ ಸೀರೆಯನ್ನು ಎರಡೂ ಕೈಯಿಂದ ಹಿಡಿದಳು. ಕೆಳಗಿನಿಂದ ಅಪ್ಪನ ದನಿಯೂ ಇಲ್ಲ, ಬಸಣ್ಣನ ದನಿಯೂ ಇಲ್ಲ. ಆ ಮೌನವನ್ನೇ ನಾನು ಇಷ್ಟು ವರ್ಷ ಮತ್ತೆ ಮತ್ತೆ ಕೇಳುತ್ತಿರುವುದು. ಬಸ್ಸು ಗುಂಡಿಗೆ ಇಳಿದರೆ ಕೇಳುತ್ತದೆ. ಶಾಲೆಯಲ್ಲಿ ಯಾರಾದರೂ ಬೆಂಚು ಬೀಳಿಸಿದರೆ ಕೇಳುತ್ತಿತ್ತು.

ಆಮೇಲೆ ಕೆಳಗಿನಿಂದ ಬಸಣ್ಣನ ದನಿ ಬಂತು, ಉಸಿರು ಕಟ್ಟಿದ ದನಿ. "ದಿಮ್ಮಿ ಹಿಡದೀವಿ. ಅಲಗಬ್ಯಾಡ್ರಿ. ಮೆಲ್ಲಕ ಎಳೀರಿ."

ಎಳೆದೆವು. ಕಾಲು ತರಚಿತ್ತು, ಮುರಿದಿರಲಿಲ್ಲ. ವೈನಿ ನಿಚ್ಚಣಿಕೆಯ ಮೇಲೆ ಕುಳಿತು ಒಂದು ಕ್ಷಣ ಕಣ್ಣು ಮುಚ್ಚಿದಳು. ತೆರೆದವಳು ತಾನೇ ಮಾಡಿದ ತೂತಿನ ಅಂಚನ್ನು ನೋಡಿ, "ಸರೂ, ಇದೇನು ನೋಡು," ಎಂದಳು.

ಮಣ್ಣೆಲ್ಲ ಹೋದಲ್ಲಿ ಹಲಗೆಗಳ ಮೇಲೆ ಹಾಕಿದ್ದ ಮೊದಲ ಗಚ್ಚು ಕಾಣುತ್ತಿತ್ತು. ಮನೆ ಕಟ್ಟಿದಾಗಿನ ಸುಣ್ಣದ ಗಚ್ಚು. ಅದರಲ್ಲಿ, ತೂತಿನ ಪಕ್ಕದಲ್ಲೇ, ಒಂದು ಪಾದದ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ಸಣ್ಣ ಪಾದ, ಎರಡನೆಯ ಬೆರಳಿನ ಬುಡದಲ್ಲಿ ಕಾಲುಂಗುರದ ಗೆರೆ. ಗಚ್ಚು ಬಡಿಯಲು ಬಂದ ಯಾವುದೋ ಹೆಣ್ಣುಮಗಳದು. ಭಂಕೂರದವಳೋ, ಚಿಂಚೋಳಿಯವಳೋ, ಯಾರಿಗೆ ಗೊತ್ತು. ದೇವರ ತಲೆಯ ಮೇಲೆ ನಮಗಿಂತ ಮೊದಲು ನಿಂತವಳು.

ನಾನು ಕುಂಬಿಯಿಂದ ಬಾಗಿ ಆಯಿಗೆ ಕೂಗಿ ಹೇಳಿದೆ. ಬೆಚ್ಚಿ ಬೀಳುತ್ತಾಳೆ ಎಂದುಕೊಂಡಿದ್ದೆ.

"ಮತ್ತ?" ಎಂದಳು ಆಯಿ, ಕೊಪ್ಪೆಯೊಳಗಿಂದ. "ಕಟ್ಟಿದವರು ಹಾರ್ಯಾಡ್ಕೋತ ಕಟ್ಟಿದ್ರೇನು? ಬುಟ್ಟಿ ಕಳಸ್ರಿ."

ಬೆಳಕು ಇಳಿಯುವ ಮೊದಲು ಕೊನೆಯ ಬುಟ್ಟಿ ಹೋಯಿತು. ನಾವು ಮೂವರೂ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದೆವು. ಮುಖ ಯಾರದು ಎಂದು ಗುರುತು ಸಿಗದಷ್ಟು ಮಣ್ಣು. ಆಗ ಕೆಳಗೆ ಬಸಣ್ಣ, "ಸಾಹುಕಾರ್ರೇ, ಕೈ ಬಿಡ್ರಿ," ಎಂದದ್ದು ಕೇಳಿಸಿತು. ನಂತರ, "ಟೇಕಾ ಅಳ್ಳಾಡಾಕತ್ಯಾದ್ರಿ."

ಫರಸಿ ಒಡೆಯುವಷ್ಟು ಬಿಗಿದು ನಿಂತಿದ್ದ ದಿಮ್ಮಿ ಈಗ ಕೈಯಿಂದ ಅಲುಗಾಡುತ್ತಿತ್ತು. ಭಾರ ಇಳಿದ ಮೇಲೆ ಆ ಮುರಿದ ತೊಲೆ ಬೆರಳಷ್ಟು ಮೇಲೆ ಎದ್ದಿತ್ತು. ಮುರಿದ ಮೇಲೂ ಸೊಂಟ ನೆಟ್ಟಗೆ ಮಾಡಿಕೊಂಡಿತ್ತು. ಚಿಂಚೋಳಿ ಸಾಗವಾನಿ ಅದು. ಅಪ್ಪ ದೇವರ ಖೋಲಿಯಿಂದ ಹೊರಗೆ ಬಂದು ಅಂಗಳದಲ್ಲಿ ನಿಂತು ಮೇಲೆ ನೋಡಿದರು. ಎರಡೂ ಕೈ ಎತ್ತಿದರು. ನಮಗೆ ಮುಗಿದರೋ, ತೊಲೆಗೋ, ಕೇಳಲು ಹೋಗಲಿಲ್ಲ.

ಬಸಣ್ಣ ಮಾತ್ರ ಮರುದಿನದಿಂದಲೇ ಮಿಲ್ಲಿನಲ್ಲಿ ಕಥೆ ಹೇಳತೊಡಗಿದ. "ನಿಂತಿದ್ದಂಗೇ ಮ್ಯಾಲಿಂದ ಲಕ್ಷ್ಮೀ ಪಾದ ಇಳೀತು ನೋಡ್ರಿ, ಕಾಲುಂಗುರ ಸಮೇತ. ಕೈ ಮುಗಿಬೇಕೋ ದಿಮ್ಮಿ ಹಿಡೀಬೇಕೋ ತಿಳೀಲಿಲ್ಲ." ವೈನಿ ಬಹಳ ದಿನ ಅವನೆದುರು ಹಾಯಲಿಲ್ಲ.

ಬೂಬಮ್ಮ ಬಳೆಮಲಾರ ಹೊತ್ತು ಬಂದು ಪಡಸಾಲೆಯಲ್ಲಿ ಕುಳಿತು ಅವತ್ತು ಮಣ್ಣು ಹೊತ್ತ ಎಲ್ಲರಿಗೂ ಹಸಿರು ಬಳೆ ತೊಡಿಸಿದಳು. ನನ್ನ ಅಂಗೈಯ ಗಾಯ ನೋಡಿ, "ಇದು ನನ್ನ ಬಳಿಯ ಗುರ್ತು. ಮದ್ವಿ ಆದ ಮ್ಯಾಲ ಗಂಡ ಕೇಳಿದ್ರ ನನ್ನ ಹೆಸರು ಹೇಳು," ಎಂದಳು. ಗುರುತು ಈಗಲೂ ಇದೆ.

ದೇವರು ಒಂದು ತಿಂಗಳು ದನದ ಕೊಟ್ಟಿಗೆಯ ಗೋದಲಿಯಲ್ಲಿದ್ದರು. ಅವರ ಖೋಲಿ ಆಕಾಶಕ್ಕೆ ತೆರೆದುಕೊಂಡಿತ್ತು. ಆಯಿ ಅಲ್ಲೇ ದೀಪ ಹಚ್ಚಿ, ಎಮ್ಮೆಗೆ "ಆ ಕಡಿ ಸರಿ, ಬಾಲ ಬಡೀಬ್ಯಾಡ," ಎಂದು ಗದರಿಸುತ್ತ ಪೂಜೆ ಮುಗಿಸುತ್ತಿದ್ದಳು. ಹೊಸ ತೊಲೆಗೆ ಅಂಥ ಸಾಗವಾನಿ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಅಣ್ಣ ವಾಡಿಯಲ್ಲಿ ಹರಾಜಿಗೆ ಬಂದ ಹಳೆಯ ರೈಲುಕಂಬಿಯ ತುಂಡನ್ನು ಲಾರಿಯಲ್ಲಿ ತಂದ. ದೇವರ ತಲೆಯ ಮೇಲೆ ಕಬ್ಬಿಣವೇ ಎಂದು ಓಣಿಯ ಹಿರಿಯರು ಮುಖ ಸಿಂಡರಿಸಿದರು. ಆಯಿ ಕಂಬಿಯ ಮೇಲೆ ಕೈಯಾಡಿಸಿ ನೋಡಿದಳು. ಚಕ್ರ ಉಜ್ಜಿ ಉಜ್ಜಿ ಅದರ ತಲೆ ಕನ್ನಡಿಯಂತಾಗಿತ್ತು. "ಮದ್ರಾಸ್ ಮೇಲ್ ಹೊತ್ತದ್ದು. ನಮ್ಮ ಮನಿ ದೇವರನ್ನ ಹೊರಲಾರದೇನು?" ಎಂದಳು. ಕಂಬಿಯ ಮೇಲೆ ಹಾಸಲು ಮತ್ತೆ ಭಂಕೂರದ ಫರಸಿಯೇ ಬಂತು. ಅದರ ಮೇಲೆ ತೆಳ್ಳಗೆ ಸವಳು. ಪಾದದ ಗುರುತಿದ್ದ ಗಚ್ಚಿನ ತುಂಡನ್ನು ಆಯಿ ಎಸೆಯಗೊಡಲಿಲ್ಲ. ಅದು ಈಗ ದೇವರ ಖೋಲಿಯ ಗೂಡಿನಲ್ಲಿದೆ. ವಾಲಿದ ಗೋಡೆಯನ್ನು ಹಾಗೆಯೇ ಬಿಟ್ಟೆವು. ಗಡಿಯಾರ ನೆಟ್ಟಗೆ ತೂಗುವಂತೆ ಅದರ ಬೆನ್ನಿಗೆ ಒಂದು ಕಟ್ಟಿಗೆಯ ಚೂರು ಸಿಕ್ಕಿಸಿದರು. ಹೋದ ಬೇಸಿಗೆಯಲ್ಲಿ ನೋಡಿದೆ, ಚೂರು ಅಲ್ಲೇ ಇದೆ. ಗಡಿಯಾರ ನಡೆಯುತ್ತಿದೆ.

ಅವತ್ತು ನಾನು ಹೋದಾಗ ಮಾಳಿಗೆಯ ಕೆಲಸ ನಡೆದಿತ್ತು. ವೈನಿ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದಳು, ತಲೆಯೆಲ್ಲ ಬಿಳಿ, ಉಡಿಯಲ್ಲಿ ದೇವರು. ಮೇಲೆ ಅವಳ ಮೊಮ್ಮಗಳು ಪ್ಯಾಂಟು ಮಡಚಿ ದೇವರ ಖೋಲಿಯ ಮೇಲಿನ ಮಣ್ಣು ಹೆರೆಯುತ್ತಿದ್ದಳು. ಆ ಮಳೆಗಾಲದ ಮರುವರ್ಷ ಆಯಿ ಶುರುಮಾಡಿದ ಪದ್ಧತಿ ಅದು. ರೋಹಿಣಿಯ ಮೊದಲು ಮನೆಯ ಹಿರಿಯಳು ದೇವರನ್ನು ಉಡಿಯಲ್ಲಿ ಹೊತ್ತು ಹೊರಗೆ ಕೂರಬೇಕು, ಮನೆಯ ಹೆಣ್ಣುಮಕ್ಕಳು ಮೇಲೆ ಹತ್ತಬೇಕು. ಇದು ನೂರಾರು ವರ್ಷದಿಂದ ನಡೆದು ಬಂದದ್ದು ಎಂದು ಆ ಹುಡುಗಿ ತಿಳಿದಿದ್ದಾಳೆ. ನಾನು ತಿದ್ದಲಿಲ್ಲ.

ಇನ್ನು ನಿದ್ದೆಯ ಮಾತು. ಆ ವರ್ಷ ದೇವರು ತಮ್ಮ ಖೋಲಿಗೆ ಮರಳಿದ ಮೇಲೂ ನಮಗೆ ನಿದ್ದೆ ಮರಳಲಿಲ್ಲ. ಹಾಸಿಗೆ ಹಾಸಿ ಮಲಗುತ್ತಿದ್ದೆವು, ಆದರೆ ಎಲ್ಲರ ಕಿವಿಯೂ ಸೂರಿನ ಕಡೆ. ಇಲಿ ಓಡಿದರೆ ಅಪ್ಪ ಎದ್ದು ಕೂರುತ್ತಿದ್ದರು. ವೈನಿ ನಿದ್ದೆಯಲ್ಲಿ ಕಾಲು ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ನಾನು ಪ್ರತಿ ಹನಿಯನ್ನೂ ಎಣಿಸುವವಳಂತೆ ಎಚ್ಚರವಿರುತ್ತಿದ್ದೆ. ಆಯಿ ಮಲಗಿದಲ್ಲಿಂದಲೇ, "ಯಾರ್‍ಯಾರು ಎಚ್ಚರ ಅದೀರಿ?" ಎಂದು ಕೇಳುವಳು. ಎಲ್ಲರೂ ಹೂಂ ಎನ್ನುವೆವು.

ಹಸ್ತ ಮಳೆ ಬಂತು. ಒಂದು ಸಂಜೆ ಕಮಲಾವತಿ ಹೊಳೆಯ ಕಡೆಯಿಂದ ಗುಡುಗು ಎದ್ದು, ಉಣ್ಣುವ ಹೊತ್ತಿಗೆ ಮಳೆ ಸುರಿಯತೊಡಗಿತು. ಪಾತ್ರೆಗಳನ್ನು ಸೋರುವ ಜಾಗಕ್ಕೆಂದು ತಂದಿಟ್ಟು, ಎಲ್ಲಿ ಇಡಬೇಕೆಂದು ತಿಳಿಯದೆ ಮೂಲೆಯಲ್ಲಿ ಬಿಟ್ಟು ಮಲಗಿದೆವು. ಆಯಿ ಏನೋ ಕೇಳಿದಳೆಂದು ನೆನಪು. ಹೂಂ ಎಂದವರು ಯಾರೂ ಇರಲಿಕ್ಕಿಲ್ಲ.

ಬಾಗಿಲು ಬಡಿಯುವ ಸದ್ದಿಗೆ ನನಗೆ ಎಚ್ಚರವಾಯಿತು. ಎದ್ದು ತೆಗೆದೆ. ಮಿಲ್ಲಿಗೆ ಹೊರಟಿದ್ದ ಬಸಣ್ಣ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ, ಅವನ ಹಿಂದೆ ಬೂಬಮ್ಮ.

"ಬಿಸಿಲು ಏರ್‍ಯಾದ, ಒಬ್ಬರೂ ಹೊರಗ ಬಂದಿಲ್ಲ. ಎಮ್ಮಿ ಒದರಾಕತ್ಯಾದ. ಮ್ಯಾಲಿಂದೇನರ ಬಿತ್ತೇನು ಅಂತ ಓಡಿ ಬಂದೆ," ಎಂದ.

ನಾನು ಒಳಗೆ ತಿರುಗಿ ನೋಡಿದೆ. ಮೂಲೆಯ ಪಾತ್ರೆಗಳು ಒಣಗಿದ್ದವು. ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ವೈನಿ ಎರಡೂ ಕಾಲು ಉದ್ದಕ್ಕೆ ಚಾಚಿದ್ದಳು. ಬೆಳಕಿಂಡಿಯ ಚೌಕ ಆಯಿಯ ಮುಖದ ಮೇಲೆ ಬಿದ್ದಿತ್ತು. ಅವಳು ಕಣ್ಣು ತೆರೆಯದೆಯೇ ಹೇಳಿದಳು:

"ಏನೂ ಬಿದ್ದಿಲ್ಲಪಾ. ಬಾಗಿಲಾ ಮುಂದ ಮಾಡ್ಕೊಂಡು ಹೋಗು."

ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಗ್ಗುಲಾದಳು.